ಪಡೆ ಯಾವಾಗ ಹೊರಡಬೇಕು: ಸಂಬಳದ ಪಟ್ಟಿ ಹಿಡಿದು ಲೆಕ್ಕ ಹಾಕಿದ ನನ್ನ ಅನುಭವ

ವಿದೇಶಿ ಪಡೆ ಹೊರಟ ಮೇಲೆ ಅದು ಕಾಯುತ್ತಿದ್ದ ಸರ್ಕಾರ ಎಷ್ಟು ದಿನ ನಿಲ್ಲುತ್ತದೆ ಎಂದು ಒಂದು ಪಟ್ಟಿ ಹಾಕಿ ಲೆಕ್ಕ ಹಿಡಿಯುತ್ತೇನೆ. 2021ರ ಜುಲೈ ಮೊದಲ ವಾರ ಅಮೆರಿಕದ ಪಡೆ ಅಫ್ಘಾನಿಸ್ತಾನದ ಬಗ್ರಾಮ್ ವಾಯುನೆಲೆ ಖಾಲಿ ಮಾಡಿದಾಗ, ಕಾಬೂಲ್ ಸರ್ಕಾರ ಚಳಿಗಾಲ ದಾಟುವುದಿಲ್ಲ ಎಂದು ಆ ಪಟ್ಟಿ ಹೇಳಿತು. ಇದೇ ಕೆಲಸ ಮಾಡುವ ಗೆಳೆಯರು ಒಪ್ಪಲಿಲ್ಲ. ಮೂರು ಲಕ್ಷ ಜನರ ಪಡೆಯಿದೆ, ವಿಮಾನಗಳಿವೆ, ಏನಿಲ್ಲವೆಂದರೂ ಎರಡು ವರ್ಷ ಎಂದರು. ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. ನಾನು ಕೊಟ್ಟ ಗಡುವೂ ಉದ್ದವಾಗಿತ್ತು, ಆದರೆ ದಿಕ್ಕು ಹಿಡಿದದ್ದು ನನ್ನ ಪಟ್ಟಿಯೊಂದೇ.  ನೇರವಾಗಿ ಲೆಕ್ಕಕ್ಕೆ ಬರುತ್ತೇನೆ.

ಮೊದಲು ಕೈಕೊಟ್ಟ ಅಳತೆಗಳು. ಹೊರಡುವ ಪಡೆಯ ಮೇಲಿನ ದಾಳಿಗಳ ಸಂಖ್ಯೆ ನಂಬಿ ಪೂರ್ತಿ ಮೋಸಹೋದೆ. 2020ರ ಫೆಬ್ರುವರಿ 29ಕ್ಕೆ ಅಮೆರಿಕ ಮತ್ತು ತಾಲಿಬಾನ್ ನಡುವೆ ದೋಹಾ ಒಪ್ಪಂದವಾದ ಮೇಲೆ, 2021ರ ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ಬಳಿ ಬಾಂಬ್ ಸಿಡಿಯುವವರೆಗೆ, ಕಾಳಗದಲ್ಲಿ ಒಬ್ಬ ಅಮೆರಿಕನ್ ಸೈನಿಕನೂ ಸಾಯಲಿಲ್ಲ. ಆ ಹೊತ್ತಿನಲ್ಲಿ ಅಫ್ಘನ್ ಸೈನಿಕರು ಸಾಯುತ್ತಲೇ ಇದ್ದರು. ಹೊರಟು ನಿಂತವರ ಮೇಲೆ ಗುಂಡು ಖರ್ಚು ಮಾಡುವ ಗರಜು ತಾಲಿಬಾನಿಗಿರಲಿಲ್ಲ.

ತಲೆ ಎಣಿಕೆಯೂ ಅಷ್ಟೇ. 2011ರ ಡಿಸೆಂಬರ್‌ನಲ್ಲಿ ಅಮೆರಿಕ ಇರಾಕ್ ಬಿಟ್ಟಾಗ ಅಲ್ಲಿನ ಸೇನೆ ಕಾಗದದ ಮೇಲೆ ದಂಡಿಯಾಗಿತ್ತು. 2014ರ ಜೂನ್‌ನಲ್ಲಿ ಮೊಸುಲ್ ನಗರ ಕೆಲವೇ ದಿನಗಳಲ್ಲಿ ಐಸಿಸ್ ಪಾಲಾಯಿತು. ಆ ವರ್ಷ ಮುಗಿಯುವ ಮುಂಚೆ ಪ್ರಧಾನಿ ಅಲ್ ಅಬಾದಿ ಅವರೇ, ಸಂಬಳ ಎಣಿಸುತ್ತಿದ್ದ 50,000 ಹೆಸರುಗಳಿಗೆ ಆಳೇ ಇಲ್ಲ ಎಂದು ಒಪ್ಪಿಕೊಂಡರು. ಅಂದಿನಿಂದ ಬಂದೂಕು ಎಣಿಸುವುದು ಬಿಟ್ಟು ಬಟವಾಡೆ ಎಣಿಸುತ್ತಿದ್ದೇನೆ.

ಪಟ್ಟಿಯ ಮುಖ್ಯ ಕಾಲಂ ನಾಲ್ಕು. ಸಂಬಳ ಯಾರ ಖಜಾನೆಯಿಂದ ಬರುತ್ತದೆ, ಇಂಧನ ಎಲ್ಲಿಂದ, ರಿಪೇರಿ ಯಾರ ಕೈಯಲ್ಲಿ, ಹೊರಡಿ ಎಂದು ಹೇಳಿದವರು ಯಾರು. ಮೊದಲ ಮೂರಕ್ಕೆ 'ನಿಲ್ಲುವ ದಿನ' ಬರೆದು ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಮೂರರಲ್ಲಿ ಯಾವುದು ಮೊದಲು ಬರಿದಾಗುತ್ತದೋ ಅದೇ ಆ ಸರ್ಕಾರದ ಆಯಸ್ಸು. ನಾಲ್ಕನೆಯದಕ್ಕೆ ಎಷ್ಟು ತೂಕ ಕೊಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬಿಡಿಸಿಡುವುದಿಲ್ಲ.

ಈ ಲೆಕ್ಕ ಮೊದಲ ಸಲ ಸರಿಯಾಗಿ ಕೂತದ್ದು ಅಫ್ಘಾನಿಸ್ತಾನದಿಂದ ಸೋವಿಯತ್ ವಾಪಸಾತಿಯ ಮೇಲೆ. 1988ರ ಏಪ್ರಿಲ್ 14ಕ್ಕೆ ಜಿನೀವಾ ಒಪ್ಪಂದ, ಮೇ 15ಕ್ಕೆ ಹೊರಡುವುದು ಶುರು, 1989ರ ಫೆಬ್ರುವರಿ 15ಕ್ಕೆ ಜನರಲ್ ಗ್ರೊಮೊವ್ ಅಮು ದರಿಯಾ ಸೇತುವೆ ದಾಟಿದರು. ಸೋವಿಯತ್ ಬೆಂಬಲದ ಅಧ್ಯಕ್ಷ ನಜೀಬುಲ್ಲಾ ಇನ್ನು ಕೆಲವೇ ತಿಂಗಳು ಎಂದಿತು ಲೋಕ. ಮಾರ್ಚ್‌ನಲ್ಲಿ ಜಲಾಲಾಬಾದ್ ಮೇಲೆ ಬಂಡುಕೋರ ಮುಜಾಹಿದೀನರ ದೊಡ್ಡ ದಾಳಿಯಾಯಿತು, ಊರು ಬೀಳಲಿಲ್ಲ. ಮಾಸ್ಕೋದಿಂದ ಸಾಮಾನು, ಇಂಧನ, ದುಡ್ಡು ಬರುತ್ತಲೇ ಇತ್ತು. ನೆನಪಿನ ಮೇಲೆ ಹೇಳುವುದಾದರೆ ವರ್ಷಕ್ಕೆ ಸುಮಾರು 300 ಕೋಟಿ ಡಾಲರ್. 1992ರ ಜನವರಿ 1ಕ್ಕೆ ಅದು ನಿಂತಿತು. ವಿಮಾನಗಳಿಗೆ ಇಂಧನವಿಲ್ಲ, ಸರ್ಕಾರದ ಪರ ಕಾದುತ್ತಿದ್ದ ಉಜ್ಬೆಕ್ ಸೇನಾನಿ ದೋಸ್ತಮ್ ಪಡೆಗೆ ಕೊಡಲು ಕಾಸಿಲ್ಲ. ದೋಸ್ತಮ್ ಪಕ್ಷ ಬದಲಿಸಿದರು, ಏಪ್ರಿಲ್‌ನಲ್ಲಿ ಆಟ ಮುಗಿಯಿತು. ಸೈನಿಕರು ಹೋದ ಮೇಲೆ ಮೂರು ವರ್ಷ ನಿಂತ ಸರ್ಕಾರ, ದುಡ್ಡು ನಿಂತ ಮೇಲೆ ನಾಲ್ಕು ತಿಂಗಳೂ ನಿಲ್ಲಲಿಲ್ಲ.

2021ರಲ್ಲಿ ಮೊದಲು ಬರಿದಾದದ್ದು ರಿಪೇರಿ ಕಾಲಂ. ಹಳೆಯ ಎಂಐ-17 ಹೆಲಿಕಾಪ್ಟರುಗಳ ಬಹುಪಾಲು ಕೆಲಸವನ್ನು ಅಫ್ಘನ್ ಮೆಕ್ಯಾನಿಕ್‌ಗಳೇ ಮಾಡಿಕೊಳ್ಳುತ್ತಿದ್ದರು. ಅದರ ಜಾಗಕ್ಕೆ ಬ್ಲ್ಯಾಕ್ ಹಾಕ್ ತಂದರು. ಅದರ ನಿರ್ವಹಣೆ ಹೆಚ್ಚುಕಡಿಮೆ ಪೂರ್ತಿ ವಿದೇಶಿ ಗುತ್ತಿಗೆದಾರರ ಕೈಯಲ್ಲಿತ್ತು. ಸೈನಿಕರ ಜೊತೆ ಗುತ್ತಿಗೆದಾರರೂ ಹೊರಟರು. ಗುಡ್ಡದ ಮೇಲಿನ ಠಾಣೆಗಳಿಗೆ ಮದ್ದುಗುಂಡು ಏರುವುದೂ ಗಾಯಾಳು ಇಳಿಯುವುದೂ ಆಕಾಶದ ದಾರಿಯಲ್ಲೇ, ಆ ದಾರಿಯೇ ಬತ್ತುತ್ತ ಬಂತು.

ಬಗ್ರಾಮ್‌ನಲ್ಲಿ ಪಡೆ ರಾತ್ರಿ ಹೊರಟು ಇಪ್ಪತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಹೊಸ ಅಫ್ಘನ್ ಕಮಾಂಡರ್‌ಗೆ ವಿಷಯ ಮುಟ್ಟಿದ್ದು ಗಂಟೆಗಳ ನಂತರ, ಅಷ್ಟರಲ್ಲಿ ಲೂಟಿಯವರು ಒಳಗಿದ್ದರು. ಬಿಟ್ಟುಹೋದ ವಾಹನಗಳಲ್ಲಿ ಎಷ್ಟಕ್ಕೋ ಕೀಲಿಯೇ ಇರಲಿಲ್ಲ. ನೆಲೆ ಒಪ್ಪಿಸುವುದೆಂದರೆ ಮೊದಲು ಜನರೇಟರ್ ಒಪ್ಪಿಸುವುದು: ಎಷ್ಟು ಗಂಟೆ ಓಡಿದೆ, ಆಯಿಲ್ ಯಾವಾಗ ಬದಲಿಸಿದ್ದು, ಟ್ಯಾಂಕಿನಲ್ಲಿ ಎಷ್ಟು ದಿನದ ಡೀಸೆಲ್, ಬಿಡಿ ಫಿಲ್ಟರ್ ಮತ್ತು ಬೆಲ್ಟ್ ಎಷ್ಟು. ಕೀಲಿಗೊಂದು ನಂಬರು, ಅದೇ ನಂಬರು ಬಾಗಿಲಿಗೂ ವಾಹನಕ್ಕೂ. ಆಮೇಲೆ ಎರಡು ವಾರ ಸ್ಥಳೀಯ ಆಪರೇಟರ್ ಓಡಿಸಬೇಕು, ಹೊರಡುವವ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಹೊರಡುವವ ಒಮ್ಮೆ ಕೈಹಾಕಿದರೂ ಎರಡು ವಾರದ ಎಣಿಕೆ ಮತ್ತೆ ಒಂದರಿಂದ.

ನಡುವೆ ಪೇಟೆಯ ಡಾಲರ್ ದರ ಹಿಡಿದು ನೋಡಿದೆ. ಅದು ಮುನ್ಸೂಚನೆ ಕೊಡುವುದಿಲ್ಲ, ಸರ್ಕಾರ ಬಿದ್ದ ಮೇಲೆ ಅಲ್ಲಿನ ಹಣದ ಬೆಲೆ ಬೀಳುತ್ತದೆ. ಮಾಲ್ಡೀವ್ಸ್ ಪ್ರಯೋಗ ಮಾತ್ರ ಚೆನ್ನಾಗಿ ಫಲಿಸಿತು. ಅದು ಯುದ್ಧದ ನಂತರದ ವಾಪಸಾತಿಯಲ್ಲ, ಆದರೂ ಕಾಲಂಗಳಿಗೆ ಕೂರುತ್ತದೆ. 2024ರ ಮೇ 10ರ ಗಡುವಿಗೆ ಎಂಬತ್ತರ ಆಸುಪಾಸು ಭಾರತೀಯ ಸೇನಾ ಸಿಬ್ಬಂದಿ ಮರಳಿದರು, ಅವರ ಜಾಗಕ್ಕೆ ಸಿವಿಲ್ ತಂತ್ರಜ್ಞರು ಬಂದರು. ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಧ್ರುವ್ ಹೆಲಿಕಾಪ್ಟರ್ ಅಲ್ಲೇ ಉಳಿಯಿತು. ಸಮವಸ್ತ್ರ ಹೋಯಿತು, ಸ್ಪ್ಯಾನರ್ ಉಳಿಯಿತು. ಕಾಬೂಲಿನಲ್ಲಿ ಮಾಡಬೇಕಾಗಿದ್ದದ್ದೂ ಇದನ್ನೇ.

ನಾಲ್ಕನೆಯ ಕಾಲಂಗೆ ನಮ್ಮದೇ ಎರಡು ಉದಾಹರಣೆಗಳಿವೆ. ಢಾಕಾದಲ್ಲಿ 1971ರ ಡಿಸೆಂಬರ್ 16ಕ್ಕೆ ಪಾಕಿಸ್ತಾನಿ ಸೇನೆಯ ಶರಣಾಗತಿ, 1972ರ ಮಾರ್ಚ್ 12ಕ್ಕೆ ಭಾರತೀಯ ಪಡೆಯ ಬೀಳ್ಕೊಡುಗೆ ಪರೇಡ್. ಹೊರಡಿ ಎಂದು ಕೇಳಿದವರು ಬಾಂಗ್ಲಾದೇಶದ ನಾಯಕ ಮುಜೀಬ್, ಅವರ ಮಾತು ಆ ದೇಶದಲ್ಲಿ ನಡೆಯುತ್ತಿತ್ತು. ಮೂರು ತಿಂಗಳೊಳಗೆ ಮರ್ಯಾದೆಯಿಂದ ಮುಗಿಯಿತು. ಶ್ರೀಲಂಕಾದಲ್ಲಿ 1989ರ ಜೂನ್ 1ಕ್ಕೆ ಅಧ್ಯಕ್ಷ ಪ್ರೇಮದಾಸ ಅವರು ಭಾರತದ ಶಾಂತಿಪಾಲನಾ ಪಡೆಗೆ ಜುಲೈ 29ರೊಳಗೆ ಹೊರಡಿ ಎಂದರು. ನಲವತ್ತೈದು ಸಾವಿರದಷ್ಟು ಜನ, ವಾಹನ, ಮದ್ದುಗುಂಡು ಎರಡು ತಿಂಗಳಲ್ಲಿ ಹಡಗಿಗೇರುವುದಿಲ್ಲ, ನಿಜ. ಆದರೆ ಕೊನೆಯ ತುಕಡಿ ಟ್ರಿಂಕೋಮಲಿ ಬಿಟ್ಟದ್ದು 1990ರ ಮಾರ್ಚ್ 24ಕ್ಕೆ. ಆ ಕಾಲಾವಕಾಶದಲ್ಲಿ ಭಾರತದ ಬೆಂಬಲದಿಂದ, ಊರಹುಡುಗರನ್ನು ಎಳೆದು ತಂದು, ಎಲ್‌ಟಿಟಿಇಗೆ ಎದುರಾಗಿ ತಮಿಳು ರಾಷ್ಟ್ರೀಯ ಸೇನೆ ಕಟ್ಟಲಾಯಿತು. ಪೂರ್ವದ ಅಂಪಾರೈಯಿಂದ ನಮ್ಮ ಪಡೆ ಹೊರಟ ಕೂಡಲೇ ಎಲ್‌ಟಿಟಿಇ ಅದರ ಶಿಬಿರಗಳಿಗೆ ನುಗ್ಗಿತು, ನಾವು ಕೊಟ್ಟ ಬಂದೂಕುಗಳು ಅವರ ಪಾಲಾದವು. ಹುಡುಗರು ಸತ್ತರು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಜೂನ್‌ನಲ್ಲೇ ಹಡಗಿನ ಪಟ್ಟಿ ಹಾಕಿ, ಹೊಸ ಸೇನೆ ಕಟ್ಟುವ ಗೋಜು ಬಿಟ್ಟಿದ್ದರೆ ಆ ಮಕ್ಕಳು ಮನೆಯಲ್ಲಿರುತ್ತಿದ್ದರು.

ಪಟ್ಟಿ ಸೋತ ಕಡೆಯೂ ಇದೆ. 1989ರ ಸೆಪ್ಟೆಂಬರ್‌ನಲ್ಲಿ ವಿಯೆಟ್ನಾಂ ಕಾಂಬೋಡಿಯಾ ಬಿಟ್ಟಿತು, ಸೋವಿಯತ್ ನೆರವೂ ಬತ್ತಿತು. ನನ್ನ ಲೆಕ್ಕದಲ್ಲಿ ಹುನ್ ಸೆನ್ ಸರ್ಕಾರ ಬೀಳಬೇಕಿತ್ತು. 1991ರ ಅಕ್ಟೋಬರ್‌ನ ಪ್ಯಾರಿಸ್ ಒಪ್ಪಂದದವರೆಗೂ ಅದು ನಿಂತಿತು. ಹಿಂದೆ ಲಕ್ಷಾಂತರ ಜನರನ್ನು ಕೊಂದಿದ್ದ ಖಮೇರ್ ರೂಜ್ ಮರಳಿ ಬಂದರೆ ಎಂಬ ಭಯ ಸಂಬಳಕ್ಕಿಂತ ಗಟ್ಟಿಯಾಗಿತ್ತು. ಹಾಗಾಗಿ ಐದನೆಯ ಕಾಲಂ ಎಳೆದಿದ್ದೇನೆ: ಜನ ಹೆಚ್ಚು ಹೆದರುವುದು ಯಾರಿಗೆ. ಅದಕ್ಕೆ ಅಂಕಿ ಹಾಕುವ ದಾರಿ ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಪೆನ್ಸಿಲಿನಲ್ಲೇ ತುಂಬುತ್ತೇನೆ.