ಕಬ್ಬು ಹೊತ್ತ ಪಿಕಪ್ ಮರಳುಗಾಡಿಗೆ ಹೊರಟರೆ

ಮಂಡ್ಯ, ಮದ್ದೂರು ಕಡೆಯ ಹಳೇ ಪಿಕಪ್‌ಗಳನ್ನು ಪಕ್ಕದಿಂದ ನೋಡಿ. ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡೇ ನಿಂತಿರುತ್ತದೆ. ಕಬ್ಬು, ಬೆಲ್ಲ, ಎಳನೀರು ಹೇರಬೇಕಲ್ಲ, ಅದಕ್ಕೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಜಾಸ್ತಿ ಹಾಕಿಸಿರುತ್ತಾರೆ. ಮುಂದೆ ಕಬ್ಬಿಣದ ಗಾರ್ಡು, ತೊಟ್ಟಿಗೆ ದಪ್ಪ ತಗಡು, ತಲೆ ಮೇಲೆ ಕ್ಯಾರಿಯರ್ ಬೇರೆ. ಅಂದರೆ ಇವು ಈಗಾಗಲೇ ಒಂದು ಸಲ ಮಾಡಿಫೈ ಆದ ಗಾಡಿಗಳೇ. ಆದರೆ ಆಗಿರುವುದು ಭಾರ ಹೊರುವುದಕ್ಕೆ. ಜೈಸಲ್ಮೇರ್ ಕಡೆಯ ಮರಳಲ್ಲಿ ಓಡಿಸುವ ಆಸೆ ಇದ್ದರೆ ಮೊದಲು ಇದನ್ನೆಲ್ಲ ಬಿಚ್ಚಬೇಕು. ಹೊಸದಾಗಿ ಹಾಕಿಸುವ ಮಾತು ಆಮೇಲೆ.

ಗಾಡಿ ಮತ್ತು ಕಾಗದ

ದಿಬ್ಬ ಹತ್ತಬೇಕು ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫೋರ್ ಬೈ ಫೋರ್ ಬೇಕು, ಅದರಲ್ಲಿ ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರ್ ಇರಬೇಕು. ಬೊಲೆರೊ ಕ್ಯಾಂಪರ್, ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಝೆನಾನ್‌ಗಳಲ್ಲಿ ಫೋರ್ ಬೈ ಫೋರ್ ಮಾದರಿಗಳು ಬಂದಿದ್ದವು. ಟೂ ವೀಲ್ ಡ್ರೈವ್ ಇದ್ದರೆ ಗಟ್ಟಿ ಜಾಡಿನಲ್ಲೇ ಸುತ್ತಿ ಬನ್ನಿ. ಖಾಲಿ ಪಿಕಪ್‌ನ ಹಿಂದಿನ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ, ಮರಳಲ್ಲಿ ಸುಮ್ನೆ ಸುತ್ತುತ್ತವೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಮುಂದಿನ ಗಾರ್ಡು, ಬುಲ್ ಬಾರ್ ಬೇಡ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಸೂಚಿಸಿದೆ. ಚಾಸಿ ಕತ್ತರಿಸುವುದು, ಗಾಡಿ ಎತ್ತರಿಸುವುದು, ಎಂಜಿನ್ ಬದಲಿಸುವುದು ಇವೆಲ್ಲ ಆರ್‌ಟಿಒ ಅನುಮತಿ ಇಲ್ಲದೆ ಬೇಡವೇ ಬೇಡ. ಅದೃಷ್ಟಕ್ಕೆ ಮರಳಿಗೆ ಇವು ಯಾವುವೂ ಬೇಕಿಲ್ಲ. 15 ವರ್ಷ ದಾಟಿದ ಗಾಡಿ ಆಗಿದ್ದರೆ ಆರ್‌ಸಿ ನವೀಕರಣ ಆಗಿದೆಯಾ ನೋಡಿಕೊಳ್ಳಿ. ಇಲ್ಲಿಂದ ಜೈಸಲ್ಮೇರ್‌ಗೆ ಸುಮಾರು 2,000 ಕಿ.ಮೀ., ದಾರಿಯುದ್ದಕ್ಕೂ ಕಾಗದ ಕೇಳುವವರು ಸಿಗುತ್ತಾರೆ.

ಪಟ್ಟಿ ಬಿಚ್ಚುವ ಕೆಲಸ

ಗಾಡಿಯ ಗುಣವೇ ಬದಲಾಗುವುದು ಇಲ್ಲಿ. ಜಾಸ್ತಿ ಪಟ್ಟಿ ಇರುವ ಪಿಕಪ್ ಖಾಲಿ ಓಡಿದರೆ ಹಿಂಭಾಗ ಕುಣಿಯುತ್ತದೆ. ಕುಣಿದಾಗೆಲ್ಲ ಚಕ್ರ ಮರಳಿನ ಹಿಡಿತ ಬಿಡುತ್ತದೆ, ಮತ್ತೆ ಕುಕ್ಕಿದಾಗ ಗುಂಡಿ ತೋಡುತ್ತದೆ.

ಅದೇ ಮಾದರಿಯ, ಕೈ ಹಾಕದ ಇನ್ನೊಂದು ಗಾಡಿ ನೋಡಿ ಮೂಲದಲ್ಲಿ ಎಷ್ಟು ಪಟ್ಟಿ ಇದ್ದವು ಅಂತ ಎಣಿಸಿಕೊಳ್ಳಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಬೇರೆ ಜಾಕ್ ಕೊಟ್ಟು, ಯು ಬೋಲ್ಟ್ ತೆಗೆಯಿರಿ. ನಡುವಿನ ಸೆಂಟರ್ ಬೋಲ್ಟ್ ಬಿಚ್ಚುವ ಮುಂಚೆ ಪಟ್ಟಿಗಳ ಕಟ್ಟನ್ನು ಎರಡು ಕಡೆ ಸಿ ಕ್ಲಾಂಪ್‌ನಿಂದ ಬಿಗಿಯಲೇಬೇಕು. ಒಳಗೆ ಒತ್ತಡ ಇರುತ್ತದೆ. ಹಾಗೇ ಬಿಚ್ಚಿದರೆ ಪಟ್ಟಿ ಚಿಮ್ಮಿ ಕೈ ಮುರಿಯುತ್ತದೆ. ಆಮೇಲೆ ಕ್ಲಾಂಪನ್ನು ನಿಧಾನಕ್ಕೆ ಸಡಿಲಿಸಿ, ಹೆಚ್ಚುವರಿ ಪಟ್ಟಿ ಹೊರಗೆ ತೆಗೆಯಿರಿ. ಉಳಿದವನ್ನು ತಂತಿ ಬ್ರಷ್‌ನಿಂದ ಉಜ್ಜಿ. ಬಿರುಕು ಇದ್ದರೆ ಆಗ ಕಾಣುತ್ತದೆ, ಹೆಚ್ಚಾಗಿ ಸೆಂಟರ್ ಬೋಲ್ಟ್ ತೂತಿನ ಸುತ್ತ.

ಮತ್ತೆ ಜೋಡಿಸುವಾಗ ಹಳೇ ಯು ಬೋಲ್ಟ್ ಹಾಕಬೇಡಿ. ಒಮ್ಮೆ ಬಿಗಿದ ಮೇಲೆ ಅವು ಎಳೆದುಕೊಂಡಿರುತ್ತವೆ. ಅಲ್ಲದೆ ದಪ್ಪ ಕಟ್ಟಿಗೆಂದು ಹಾಕಿದ್ದು ಈಗ ಉದ್ದವೂ ಆಗುತ್ತದೆ. ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್‌ನ ಬುಷ್ ಬೋಲ್ಟ್‌ಗಳಿಗೆ ಕೊನೆಯ ಬಿಗಿ ಕೊಡುವುದು ಗಾಡಿ ನೆಲಕ್ಕೆ ಇಳಿದ ಮೇಲೆ. ಗಾಡಿ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಎಷ್ಟೋ ಶೆಡ್‌ಗಳಲ್ಲಿ ಇದನ್ನು ಗಮನಿಸುವುದೇ ಇಲ್ಲ, ಪಕ್ಕದಲ್ಲೇ ನಿಂತು ಹೇಳಿ. ಕೆಲವು ನೂರು ಕಿ.ಮೀ. ಓಡಿಸಿ ಯು ಬೋಲ್ಟ್ ಮತ್ತೊಮ್ಮೆ ಬಿಗಿಸಿ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ನಾಲ್ಕನ್ನೂ ಬದಲಿಸಿ, ಗ್ಯಾಸ್ ತುಂಬಿದ್ದು ಸಿಕ್ಕರೆ ಒಳ್ಳೆಯದು.

ಒಂದು ಮಾತು, ಇಷ್ಟಾದ ಮೇಲೆ ಆ ಗಾಡಿಗೆ ಕಬ್ಬಿನ ಲೋಡು ಹೇರಬೇಡಿ.

ಬಿಸಿ ಮತ್ತು ಧೂಳು

ಮೃದು ಮರಳಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಗಾಡಿ ಮಾತ್ರ ನಿಧಾನ. ಹಾಗಾಗಿ ರೇಡಿಯೇಟರ್‌ಗೆ ಎದುರುಗಾಳಿ ಸಿಗುವುದಿಲ್ಲ. ಹಳೇ ಗಾಡಿಗೆ ಬೋರ್‌ವೆಲ್ ನೀರು ಹಾಕಿ ಹಾಕಿ ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟಿರುತ್ತದೆ. ಅದನ್ನು ಬಿಚ್ಚಿ ಒಳಗಿಂದ ರಾಡ್ ಹೊಡೆಸಿ ಸ್ವಚ್ಛ ಮಾಡಿಸಿ. ಹೋಸ್, ಥರ್ಮೋಸ್ಟಾಟ್, ಮುಚ್ಚಳ ಹೊಸದು ಹಾಕಿಸಿ, ಬೆರೆಸಿಟ್ಟ ಕೂಲೆಂಟ್ ತುಂಬಿಸಿ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಹಿಡಿತ ಬಿಗಿಯಾಗುವ ಫ್ಯಾನ್) ಇದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾದಾಗ ಆಫ್ ಮಾಡಿ ಕೈಯಿಂದ ತಿರುಗಿಸಿ ನೋಡಿ. ತಡೆಯೇ ಇಲ್ಲದೆ ಗಿರಗಿರ ತಿರುಗಿದರೆ ಅದು ಕೆಟ್ಟಿದೆ. ಗ್ರಿಲ್ ಮುಂದೆ ಸಾಲು ದೀಪ ಕಟ್ಟುವ ಚಟ ಬೇಡ, ಗಾಳಿಗೇ ಅಡ್ಡ.

ಪರೀಕ್ಷೆಗೆ ಚಾಮುಂಡಿ ಬೆಟ್ಟ ಸಾಕು. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿ ಕಡಿಮೆ ಗೇರ್‌ನಲ್ಲಿ ಹತ್ತಿಸಿ, ಟೆಂಪರೇಚರ್ ಮುಳ್ಳು ಮೇಲೇಳುತ್ತದಾ ನೋಡಿ. ಆಷಾಢ ಶುಕ್ರವಾರ ಮಾತ್ರ ಆ ಕಡೆ ಹೋಗಬೇಡಿ!

ಧೂಳಿನ ವಿಷಯದಲ್ಲಿ ನಮ್ಮ ಟ್ರ್ಯಾಕ್ಟರ್‌ಗಳೇ ಪಾಠ. ಬಾನೆಟ್ ಮೇಲೆ ಕಾಣುವ ಪ್ರೀ ಕ್ಲೀನರ್ ಗಾಳಿಯನ್ನು ಸುತ್ತಿಸಿ, ದಪ್ಪ ಧೂಳನ್ನು ಫಿಲ್ಟರ್‌ಗೆ ಮುಂಚೆಯೇ ಬೇರೆ ಮಾಡುತ್ತದೆ. ಪಿಕಪ್‌ನ ಗಾಳಿ ಕೊಳವೆಯನ್ನು ಎತ್ತರಕ್ಕೆ ಒಯ್ಯುವುದೂ ಇದೇ ಕಾರಣಕ್ಕೆ, ಚಕ್ರದ ಮಟ್ಟದ ಧೂಳು ತಪ್ಪುತ್ತದೆ. ಅದಕ್ಕೆ ದುಡ್ಡು ಸುರಿಯುವ ಮುಂಚೆ ಒಂದು ಕೆಲಸ ಮಾಡಿ. ಫಿಲ್ಟರ್ ಡಬ್ಬಿ ದಾಟಿದ ಮೇಲಿನ ಕೊಳವೆ ಬಿಚ್ಚಿ, ಒಳಗೆ ಬೆರಳಾಡಿಸಿ. ಬೆರಳಿಗೆ ಧೂಳು ಹತ್ತಿದರೆ ಎಲ್ಲೋ ಸೀಳು ಇದೆ. ಆ ಸೀಳು ಮುಚ್ಚದೆ ಏನು ಕಟ್ಟಿಸಿದರೂ ಟರ್ಬೊ ಉಳಿಯುವುದಿಲ್ಲ.

ಟೈರು, ಗಾಳಿ

ಕೆಸರಿಗೆ ಒಗ್ಗುವ ದಪ್ಪ ಗಟ್ಟೆಯ ಟೈರ್ ಮರಳಿಗೆ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಅದು ಮರಳನ್ನು ಅಗೆದು ತಾನೇ ಹೂತುಕೊಳ್ಳುತ್ತದೆ. ರಸ್ತೆಗೂ ಕಚ್ಚಾ ದಾರಿಗೂ ಆಗುವ ಆಲ್ ಟೆರೇನ್ ಟೈರ್ ಸಾಕು, ಸಾದಾ ರಸ್ತೆ ಟೈರೂ ನಡೆಯುತ್ತದೆ. ಕಂಪನಿ ಒಪ್ಪಿದ ಅಳತೆ ಬಿಟ್ಟು ಹೋಗಬೇಡಿ.

ಅಸಲಿ ಗುಟ್ಟು ಗಾಳಿಯಲ್ಲಿದೆ. ರಸ್ತೆಯಲ್ಲಿ 32ರಿಂದ 35 ಪಿಎಸ್‌ಐ ಇದ್ದರೆ ಮರಳಿಗೆ ಇಳಿಯುವ ಮುಂಚೆ 18ಕ್ಕೆ ಇಳಿಸಿ. ಟೈರ್ ನೆಲ ಮುಟ್ಟುವ ಜಾಗ ಉದ್ದವಾಗುತ್ತದೆ, ಗಾಡಿ ತೇಲಿದ ಹಾಗೆ ಹೋಗುತ್ತದೆ. ಸರಕು ಗಾಡಿಯ ಟೈರ್‌ಗಳ ಪಕ್ಕದ ಗೋಡೆ ಗಟ್ಟಿ, ಬೇಗ ಉಬ್ಬುವುದಿಲ್ಲ. ಉಬ್ಬದಿದ್ದರೆ 15ಕ್ಕೆ ಹೋಗಿ. 12ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಕಳಚುತ್ತದೆ. ಇಷ್ಟು ಕಡಿಮೆ ಗಾಳಿಯಲ್ಲಿ ವೇಗವೂ ಕಡಿಮೆ ಇರಲಿ, ಗಕ್ಕನೆ ಸ್ಟೀರಿಂಗ್ ಎಳೆಯಬೇಡಿ. ಮತ್ತೆ ತುಂಬಿಸಲು ಬ್ಯಾಟರಿಗೇ ನೇರವಾಗಿ ಕಚ್ಚುವ 12 ವೋಲ್ಟ್ ಕಂಪ್ರೆಸರ್ ತೆಗೆದುಕೊಳ್ಳಿ. ಲೈಟರ್ ಸಾಕೆಟ್‌ಗೆ ಹಾಕಿದರೆ ಫ್ಯೂಸ್ ಹೋಗಬಹುದು.

ಸಿಕ್ಕಿಕೊಂಡಾಗ

ಚಾಸಿಗೆ ಬೋಲ್ಟ್ ಆದ ಗಟ್ಟಿ ಕೊಂಡಿ ಮುಂದೊಂದು, ಹಿಂದೊಂದು ಬೇಕು. ಬಂಪರ್‌ಗೋ ಕಮಾನು ಪಟ್ಟಿಯ ಶ್ಯಾಕಲ್‌ಗೋ ಹಗ್ಗ ಕಟ್ಟಿ ಎಳೆದರೆ ಕಿತ್ತುಬಂದ ತುಂಡು ಗುಂಡಿನಂತೆ ಹಾರುತ್ತದೆ. ಎಳೆಯುವಾಗ ಜನ ದೂರ ನಿಲ್ಲಲಿ. ಉದ್ದ ಹಿಡಿಯ ಸಲಿಕೆ, ಚಕ್ರದ ಕೆಳಗೆ ಕೊಡಲು ಒಂದು ಜೊತೆ ಮರಳು ಹಲಗೆ, ಜಾಕ್ ಕೆಳಗಿಡಲು ದಪ್ಪ ಪ್ಲೈವುಡ್ ತುಂಡು ಇರಲಿ. ಚಕ್ರ ಸುತ್ತತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಡಿ. ಇನ್ನೂ ಒತ್ತಿದರೆ ಆಕ್ಸಲ್‌ವರೆಗೆ ಹೂತುಕೊಳ್ಳುತ್ತದೆ. ದಿಬ್ಬವನ್ನು ನೇರವಾಗಿ ಹತ್ತಿ, ನೇರವಾಗಿ ಇಳಿಯಿರಿ. ಅಡ್ಡ ತಿರುಗಿಸಿದರೆ ಗಾಡಿ ಉರುಳುತ್ತದೆ. ಒಬ್ಬರೇ ಹೋಗಬೇಡಿ, ಎರಡನೇ ಗಾಡಿ ಇರಲೇಬೇಕು.

ಅಭ್ಯಾಸಕ್ಕೆ ಅಂತ ತಲಕಾಡಿನ ಮರಳಿಗೆ ಗಾಡಿ ಇಳಿಸುವ ಯೋಚನೆ ಬರಬಹುದು. ದಯವಿಟ್ಟು ಬೇಡ, ಅದರಡಿ ದೇವಸ್ಥಾನಗಳಿವೆ. ಜೈಸಲ್ಮೇರ್‌ನಿಂದ 40 ಕಿ.ಮೀ. ದೂರದ ಸಮ್‌ನಲ್ಲೂ ಎಲ್ಲಿ ಬೇಕಾದರೂ ನುಗ್ಗುವಂತಿಲ್ಲ. ಡೆಸರ್ಟ್ ನ್ಯಾಷನಲ್ ಪಾರ್ಕ್ ಪಕ್ಕದಲ್ಲೇ ಇದೆ, ಅಳಿವಿನಂಚಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಸ್ಥಳೀಯರನ್ನು ಕೇಳಿ, ಅವರು ತೋರಿಸಿದ ದಿಬ್ಬಗಳಲ್ಲೇ ಓಡಿಸಿ. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ ಬನ್ನಿ.

ಡಾಂಬರು ಸಿಕ್ಕ ತಕ್ಷಣ ಗಾಳಿ ಮೊದಲಿನಷ್ಟು ತುಂಬಿಸಿ, ಆಮೇಲೆ ಹೊರಡಿ. ಮೈಸೂರಿಗೆ ಬಂದ ವಾರದಲ್ಲೇ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ ಮರಳು ತೆಗೆಸಿ, ಹಬ್ ಬೇರಿಂಗ್‌ಗೆ ಹೊಸ ಗ್ರೀಸ್ ಹಾಕಿಸಿ, ಏರ್ ಫಿಲ್ಟರ್ ಬದಲಿಸಿ.