ಕುಕೂ ರಾಸ್: ಆ ನೀಲಿಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು

ಇಂಗ್ಲೆಂಡಿನ ನೈಋತ್ಯ ಕರಾವಳಿಯಲ್ಲಿ, ಪ್ಲಿಮತ್‌ನಿಂದಾಚೆಗಿನ ಎಡ್ಡಿಸ್ಟೋನ್ ಮತ್ತು ಹ್ಯಾಂಡ್ ಡೀಪ್ಸ್ ಬಂಡೆಗಳ ಸುತ್ತ ಡೈವ್ ಮಾಡುವವರಿಗೆ ಕುಕೂ ರಾಸ್ ಅಪರೂಪದ ಮೀನಲ್ಲ. ಗಂಡಿನ ಕಿತ್ತಳೆ ಮೈಮೇಲೆ ನವಿಲುಕೊರಳಿನ ನೀಲಿ ಪಟ್ಟೆಗಳು. ಹೆಣ್ಣಿಗೆ ನಸುಗೆಂಪು ಮೈ, ಬೆನ್ನಿನ ಹಿಂಭಾಗದಲ್ಲಿ ಮೂರು ಕಪ್ಪು ಮಚ್ಚೆ, ನಡುನಡುವೆ ಬಿಳಿ. ಮೀನು ತಾನಾಗಿಯೇ ಹತ್ತಿರ ಬರುತ್ತದೆ, ಹಾಗಾಗಿ ಅದನ್ನು ಹುಡುಕುವುದು ಕಷ್ಟವಲ್ಲ. ಕಣ್ಣಿಗೆ ಕಂಡ ನೀಲಿ ಫೋಟೊದಲ್ಲಿ ನೇರಳೆಯಾಗಿಬಿಡುವುದೇ ತಲೆನೋವು.

ಲೆನ್ಸ್ ವಿಷಯದಲ್ಲಿ ನಾನು ಮೊದಲು ಎಡವಿದೆ. ಮೈಕ್ರೋ ಫೋರ್ ಥರ್ಡ್ಸ್ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾಗೆ 60 ಮಿ.ಮೀ. ಮ್ಯಾಕ್ರೋ ಲೆನ್ಸ್ ಹಾಕಿಕೊಂಡು ಇಳಿಯುತ್ತಿದ್ದೆ. 30 ಸೆಂ.ಮೀ. ಉದ್ದದ ಮೀನು ಪೂರ್ತಿ ಫ್ರೇಮಿಗೆ ಬರಬೇಕೆಂದರೆ, ಚಪ್ಪಟೆ ಗಾಜಿನ ಪೋರ್ಟ್ (ಹೌಸಿಂಗ್ ಎಂಬ ಜಲನಿರೋಧಕ ಕ್ಯಾಮೆರಾ ಪೆಟ್ಟಿಗೆಯಲ್ಲಿ ಲೆನ್ಸ್ ಮುಂದಿನ ಕಿಟಕಿ) ಹಿಂದಿನಿಂದ ಹೆಚ್ಚುಕಡಿಮೆ ಒಂದೂವರೆ ಮೀಟರ್ ದೂರ ಬೇಕು. ಅಷ್ಟು ದೂರದ ಹಸಿರು ನೀರಿನಲ್ಲಿ ಫ್ಲ್ಯಾಶ್ ಬೆಳಕಿನ ಕೆಂಪಂಶ ಮೀನಿನವರೆಗೆ ಹೋಗಿ ಬರುವಷ್ಟರಲ್ಲಿ ಕರಗಿಹೋಗುತ್ತದೆ. ನಡುವಿನ ಕಣಗಳೆಲ್ಲ ಬೆಳಗಿ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಈಗ ಗುಮ್ಮಟದಂಥ ಡೋಮ್ ಪೋರ್ಟ್ ಹಿಂದೆ ಕ್ಯಾಮೆರಾ ಜೊತೆಗೇ ಬರುವ 14–42 ಮಿ.ಮೀ. ಕಿಟ್ ಲೆನ್ಸ್ ಬಳಸುತ್ತೇನೆ. 25 ಮಿ.ಮೀ. ಸುಮಾರಿಗೆ ಇಟ್ಟರೆ ಅರ್ಧ ಮೀಟರಿನಲ್ಲೇ ಕೆಲಸ ಮುಗಿಯುತ್ತದೆ. ದುಬಾರಿ ಲೆನ್ಸಿಗಿಂತ ಈ ಹತ್ತಿರವೇ ಹೆಚ್ಚು ಲಾಭ.

ನನ್ನ ಆರಂಭದ ಅಳತೆ: f/8, 1/160 ಸೆಕೆಂಡು, ಐಎಸ್ಒ 200, ಎರಡು ಫ್ಲ್ಯಾಶ್, ಎರಡೂ ಕಾಲು ಶಕ್ತಿಯಲ್ಲಿ. ಹಿನ್ನೆಲೆಯ ನೀರು ತೀರಾ ಕಪ್ಪಾದರೆ ಶಟರನ್ನು 1/80ಕ್ಕೆ ಇಳಿಸುತ್ತೇನೆ, ಫ್ಲ್ಯಾಶ್ ಮುಟ್ಟುವುದಿಲ್ಲ. ಫ್ಲ್ಯಾಶ್‌ಗಳನ್ನು ಡೋಮ್‌ಗಿಂತ ಸ್ವಲ್ಪ ಹಿಂದಕ್ಕೆ, ಅಗಲವಾಗಿ ಚಾಚಿ, ಮುಖವನ್ನು ತುಸು ಹೊರಕ್ಕೆ ತಿರುಗಿಸಬೇಕು. ಬೆಳಕಿನ ನಡುಭಾಗವಲ್ಲ, ಅಂಚು ಮಾತ್ರ ಮೀನನ್ನು ಸವರಬೇಕು.

ಇನ್ನು ನೀಲಿ. 20 ಮೀಟರ್ ಆಳದಲ್ಲಿ ಮೇಲಿನಿಂದ ಬರುವ ಬೆಳಕಿನಲ್ಲಿ ಕೆಂಪು ಉಳಿದಿರುವುದಿಲ್ಲ. ಅಲ್ಲಿ ನಮ್ಮ ಕಣ್ಣಿಗೆ ಕಿತ್ತಳೆ ಮಂಕು ಕಂದು, ನೀಲಿ ಮಾತ್ರ ಉರಿಯುವಂತೆ. ಫ್ಲ್ಯಾಶ್ ಬಿದ್ದ ಕೂಡಲೇ ಲೆಕ್ಕ ತಿರುಗಿ, ಕಿತ್ತಳೆ ಉಕ್ಕುತ್ತದೆ. ಫ್ಲ್ಯಾಶಿಗೆ ಬೆಚ್ಚನೆ ಬಣ್ಣದ ಡಿಫ್ಯೂಸರ್ (ಬೆಳಕು ಹರಡುವ ಮುಚ್ಚಳ) ಹಾಕಿದ್ದರೆ ನೀಲಿಗೂ ಕೆಂಪು ಬೆರೆತು ನೇರಳೆಯಾಗುತ್ತದೆ. ಹವಳದ ಬಂಡೆಗಳಿಗೆ ಚೆಂದ ಕಾಣುವ ಆ ಡಿಫ್ಯೂಸರ್‌ಗಳನ್ನು ಇಲ್ಲಿ ಬಿಚ್ಚಿಡಿ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ವೈಟ್ ಬ್ಯಾಲೆನ್ಸ್ 5200–5500 ಕೆಲ್ವಿನ್ ಆಸುಪಾಸಿನಲ್ಲಿರಲಿ. ಹಿನ್ನೆಲೆಯ ಹಸಿರು ಕಡಿಮೆ ಮಾಡಲು ಹೋಗಿ ಇಡೀ ಚಿತ್ರವನ್ನು ಬೆಚ್ಚಗೆ ಎಳೆದರೆ ಮತ್ತೆ ಅದೇ ನೇರಳೆ. ಹಸಿರನ್ನು ಬೇಕಿದ್ದರೆ ಪ್ರತ್ಯೇಕವಾಗಿ ಇಳಿಸಿ. ಇನ್ನೊಂದು ಮಾತು: ನೀರಿನಡಿಯೇ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡುವಾಗ ಒಟ್ಟು ಬೆಳಕನ್ನಲ್ಲ, ಕೆಂಪು ಚಾನೆಲ್ ನೋಡಿ. ಈ ಮೀನಿನಲ್ಲಿ ಮೊದಲು ಸುಟ್ಟುಹೋಗುವುದು ಕಿತ್ತಳೆ, ಅದರೊಂದಿಗೆ ಹೊರಟುಹೋಗುವುದು ಹುರುಪೆಯ ಗೆರೆಗಳು. ಬೇಸಿಗೆಯ ಆರಂಭದಲ್ಲಿ ಬೆದೆಗೆ ಬಂದ ಗಂಡಿನ ತಲೆಯ ಮೇಲೆ ಬಿಳಿ ತೇಪೆ ಮೂಡಿರುತ್ತದೆ. ಆಗ ಫ್ಲ್ಯಾಶನ್ನು ಇನ್ನೊಂದು ಹಂತ ಇಳಿಸಲೇಬೇಕು.

ಬೆನ್ನಟ್ಟಿದರೆ ಸಿಗುವುದು ಬಾಲದ ಫೋಟೊ ಮಾತ್ರ. ಬಂಡೆಯ ಪಕ್ಕ ತಟಸ್ಥವಾಗಿ ತೇಲುತ್ತಾ, ನಿಧಾನವಾಗಿ ಉಸಿರಾಡುತ್ತಾ ಕಾಯಿರಿ. ಗುಳ್ಳೆಗೆ ಹೆದರುತ್ತದೆಂದು ಉಸಿರು ಕಟ್ಟಬೇಡಿ, ಅದು ಯಾವತ್ತೂ ಕೂಡದು. ಗಂಡು ಎದೆಯ ರೆಕ್ಕೆಗಳನ್ನು ದೋಣಿಯ ಹುಟ್ಟಿನಂತೆ ಬೀಸುತ್ತಾ ಬಂದು, ಡೋಮ್‌ನಲ್ಲಿ ತನ್ನದೇ ಪ್ರತಿಬಿಂಬ ಕಂಡು ಎದುರಾಳಿಯೆಂದು ಮೂತಿ ಒತ್ತುತ್ತದೆ. ಆಗ ಸಿಗುವುದು ತುಟಿ, ಎರಡು ಕಣ್ಣು, ಅಷ್ಟೇ. ಡೋಮನ್ನು ಕೊಂಚ ಕೆಳಕ್ಕೆ ಓರೆ ಮಾಡಿ. ಪ್ರತಿಬಿಂಬ ತಪ್ಪಿದೊಡನೆ ಮೀನು ಪಕ್ಕಕ್ಕೆ ಹೊರಳುತ್ತದೆ, ಪೂರ್ತಿ ಪಟ್ಟೆ ಕಾಣುವುದು ಆ ಒಂದು ಕ್ಷಣದಲ್ಲೇ. ಕಡಲು ಮುಳ್ಳುಚೆಂಡನ್ನು (ಸೀ ಅರ್ಚಿನ್) ಒಡೆದು ಮೀನು ಕರೆಯುವವರಿದ್ದಾರೆ. ನನಗದು ಸರಿಬರುವುದಿಲ್ಲ, ಅದರ ಅಗತ್ಯವೂ ಇಲ್ಲ.

ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಬೆಚ್ಚಗಿನ ನೀರಿನಲ್ಲಿ ಡೈವಿಂಗ್ ಕಲಿತವರು ಚಳಿಯ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. ಮಾರ್ಚ್‌ನಲ್ಲಿ ಪ್ಲಿಮತ್ ಬಳಿಯ ನೀರು 9–10 ಡಿಗ್ರಿ, ಆಗಸ್ಟ್ ಕೊನೆಗೆ 16–17. ನೀರು ಒಳಗೆ ಬಿಡದ ಡ್ರೈ ಸೂಟ್ ಬೇಕು. 5 ಮಿ.ಮೀ. ಕೈಗವಸಿನಲ್ಲಿ ಶಟರನ್ನು ಅರ್ಧ ಒತ್ತುವ ಹದ ಸಿಗುವುದಿಲ್ಲ. ಫೋಕಸನ್ನು ಹೆಬ್ಬೆರಳಿನ ಬಟನ್‌ಗೆ ಬದಲಾಯಿಸಿಕೊಂಡ ಮೇಲೆಯೇ ನನ್ನ ಅರ್ಧದಷ್ಟು ಮಸುಕು ಚಿತ್ರಗಳು ನಿಂತವು. ಹೌಸಿಂಗನ್ನು ದೋಣಿಯ ಬೆಚ್ಚಗಿನ ಕ್ಯಾಬಿನ್ನಿನಲ್ಲಿ ಮುಚ್ಚಬೇಡಿ, ತಣ್ಣೀರಿಗೆ ಇಳಿದ ಕೂಡಲೇ ಗಾಜಿನ ಒಳಗೆ ಹಬೆ ಕಟ್ಟುತ್ತದೆ. ಹಿಂದಿನ ರಾತ್ರಿಯೇ ತಂಪಾದ ಒಣ ಕೋಣೆಯಲ್ಲಿ, ಎರಡು ಪೊಟ್ಟಣ ಸಿಲಿಕಾ ಜೆಲ್ ಇಟ್ಟು ಮುಚ್ಚಿ.

ಏಪ್ರಿಲ್–ಮೇ ತಿಂಗಳಲ್ಲಿ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಹೆಚ್ಚಿ ನೀರು ಸಾರಿನಂತಾಗುತ್ತದೆ, ಆಗಸ್ಟ್–ಸೆಪ್ಟೆಂಬರ್ ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದ ದಿನಗಳನ್ನು ಬಿಟ್ಟು, ಅಷ್ಟಮಿಯ ಸುತ್ತಿನ ಸಣ್ಣ ಉಬ್ಬರದಲ್ಲಿ, ಸೆಳೆತ ನಿಂತ ಹೊತ್ತಿಗೆ ಇಳಿಯಿರಿ. ರಾತ್ರಿ ಹೋದರೆ ಪ್ರಯೋಜನವಿಲ್ಲ, ಮೀನು ಬಂಡೆಯ ಬಿರುಕಿನಲ್ಲಿ ಮಲಗಿರುತ್ತದೆ. ನಾನು 32% ನೈಟ್ರಾಕ್ಸ್ (ಆಮ್ಲಜನಕದ ಪಾಲು 32% ಇರುವ ಉಸಿರಾಟದ ಗಾಳಿ) ಬಳಸುತ್ತೇನೆ, ಆಮ್ಲಜನಕದ ಒತ್ತಡದ 1.4 ಬಾರ್ ಮಿತಿಗೆ ಅದರ ಗರಿಷ್ಠ ಆಳ 33 ಮೀಟರ್. ಮೀನು ಸಿಗುವ 15–25 ಮೀಟರಿನಲ್ಲಿ ಕಾಯಲು ಸಮಯ ಹೆಚ್ಚು ಸಿಗುತ್ತದೆ.

ಫೋಟೊಗೆ ಹೆಸರು ಬರೆಯುವಾಗ ಮಾತ್ರ ಎಚ್ಚರ. ಕುಕೂ ರಾಸ್ ಹೆಣ್ಣಾಗಿ ಬೆಳೆದು ಆಮೇಲೆ ಗಂಡಾಗಬಲ್ಲದು. ನಡುವಿನ ಹಂತದಲ್ಲಿ ಮಚ್ಚೆಯೂ ನೀಲಿಯೂ ಒಂದೇ ಮೈಮೇಲೆ ಇರುತ್ತವೆ. ಹೆಣ್ಣಿನ ಬಣ್ಣದಲ್ಲೇ ಇರುವ ಸಣ್ಣ ಗಂಡುಗಳೂ ಉಂಟು. ಅದಕ್ಕೇ ನಾನು ‘ಹೆಣ್ಣು’ ಎಂದು ಬರೆಯುವುದಿಲ್ಲ, ‘ಹೆಣ್ಣಿನ ಬಣ್ಣದ ಮೀನು’ ಎನ್ನುತ್ತೇನೆ.