ಬಾಟಲಿಯಿಂದ ಇಳಿಯುವುದು ಗ್ಲಿಸರಿನ್ ಅಲ್ಲ: ಬಿಯರ್‌ನ ಸ್ಟ್ರಾಂಗ್ ಅಳೆಯುವ ನನ್ನ ಕ್ರಮ

ಬಿಯರ್ ತಯಾರಿಸುವ ನನಗೆ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಗ್ಲಿಸರಿನ್‌ನದು. ಬಿಯರ್ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ಬೋರಲು ಮಾಡಿ ನೀರಿನ ಲೋಟದೊಳಗೆ ಇಳಿಸಿ ಬೆರಳು ತೆಗೆದರೆ, ಎಣ್ಣೆಯಂಥ ಎಳೆಯೊಂದು ಸುರುಳಿಸುರುಳಿಯಾಗಿ ತಳಕ್ಕೆ ಇಳಿಯುತ್ತದೆ. ಅದೇ ತಲೆನೋವು ತರುವ ಗ್ಲಿಸರಿನ್, ಅದನ್ನು ಇಳಿಸಿಯೇ ಕುಡಿಯಬೇಕು ಎನ್ನುತ್ತಾರೆ. ಇಳಿಯುವುದು ಬಿಯರೇ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಯೀಸ್ಟ್‌ಗೆ ತಿನ್ನಲಾಗದ ಸಕ್ಕರೆಯ ಅಂಶ ಉಳಿದಿರುವುದರಿಂದ ಬಿಯರ್ ನೀರಿಗಿಂತ ತುಸು ಭಾರ. ಅದು ಕೆಳಗಿಳಿದಷ್ಟೂ ನೀರು ಬಾಟಲಿಯೊಳಗೆ ಏರುತ್ತದೆ. ಕೊನೆಗೆ ಉಳಿಯುವುದು ನೀರು ಬೆರೆತ ಬಿಯರ್; ತಲೆ ಹಗುರವೆನಿಸಿದರೆ ಕಾರಣ ಅದೇ. ಸಕ್ಕರೆ ಪಾನಕದಲ್ಲಿ ಮಾಡಿ ನೋಡಿ, ಅದೇ ಎಳೆ ಕಾಣುತ್ತದೆ. ಹುದುಗುವಾಗ ಯೀಸ್ಟ್ ತಾನಾಗಿ ಒಂದಿಷ್ಟು ಗ್ಲಿಸರಿನ್ ಮಾಡುವುದು ನಿಜ, ಆದರೆ ಅದು ಲೀಟರಿಗೆ ಒಂದೆರಡು ಗ್ರಾಂ ಮಾತ್ರ. ಅದು ಇಡೀ ಬಿಯರ್‌ನಲ್ಲಿ ಕರಗಿರುತ್ತದೆ, ಬೇರೆಯಾಗಿ ಇಳಿಯುವುದಿಲ್ಲ.

ಈ ಭಾರವೇ ನನ್ನ ಅಳತೆಗೂ ಆಧಾರ. ಲೈಸೆನ್ಸ್ ಇರುವ ಮೈಕ್ರೋಬ್ರೂವರಿಯಲ್ಲಿ 500 ಲೀಟರ್ ಗೋಧಿ ಬಿಯರ್‌ಗೆ ನಾನು ಹಾಕುವುದು 50 ಕೆ.ಜಿ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು), 50 ಕೆ.ಜಿ. ಗೋಧಿ ಮಾಲ್ಟ್. 65 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಸಿಹಿ ರಸವನ್ನು (ನಾವು ವರ್ಟ್ ಅನ್ನುತ್ತೇವೆ) ಒಂದು ಗಂಟೆ ಕುದಿಸುತ್ತೇನೆ. ಕುದಿಯ ಆರಂಭದಲ್ಲೇ 4% ಆಲ್ಫಾ ಆಮ್ಲದ (ಕಹಿ ಕೊಡುವ ಅಂಶ) ಹಾಪ್ಸ್ ಹೂವು 750 ಗ್ರಾಂ. 20 ಡಿಗ್ರಿಗೆ ತಣಿಸಿ 300 ಗ್ರಾಂ ಒಣ ಯೀಸ್ಟ್. ಹಾಕುವ ಪದಾರ್ಥ ಇಷ್ಟೇ. ಹಾಪ್ಸ್ ಕೊಡುವುದು ಕಹಿ ಮತ್ತು ಘಮ. ಅಮಲಿಗೂ ಅದಕ್ಕೂ ಸಂಬಂಧವಿಲ್ಲ.

ಯೀಸ್ಟ್ ಹಾಕುವ ಮೊದಲು ಜಾರ್‌ಗೆ ವರ್ಟ್ ತುಂಬಿ ಹೈಡ್ರೋಮೀಟರ್ ತೇಲಿಬಿಡುತ್ತೇನೆ. ದ್ರವ ನೀರಿಗಿಂತ ಎಷ್ಟು ಭಾರ ಎಂದು ತೋರಿಸುವ ಗಾಜಿನ ಕೊಳವೆ ಅದು; ನೀರಿಗೆ 1.000. 1.048 ಬರಬೇಕು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದಷ್ಟೂ ಅಂಕಿ ಇಳಿಯುತ್ತದೆ; ಹುದುಗು ಮುಗಿದ ಮೇಲೆ 1.011. ಸತತ ಎರಡು ದಿನ ಅದೇ ಅಂಕಿ ನಿಂತರೆ ಮಾತ್ರ ಮುಗಿಯಿತೆಂದು ಲೆಕ್ಕ. ಎರಡರ ವ್ಯತ್ಯಾಸ 0.037; ಅದನ್ನು ಬಿಯರ್ ತಯಾರಿಸುವವರು ಬಳಸುವ ಗುಣಕ 131.25ರಿಂದ ಗುಣಿಸಿದರೆ ಸುಮಾರು 4.9% ಆಲ್ಕೋಹಾಲ್. ಮೊದಲ ಅಂಕಿ ಬರೆದಿಡದಿದ್ದರೆ ಕೊನೆಯ ಅಂಕಿಯೊಂದರಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಅಂಗಡಿಯಿಂದ ತಂದ ಬಾಟಲಿಗೆ ಹೈಡ್ರೋಮೀಟರ್ ಇಳಿಸಿ ಸ್ಟ್ರಾಂಗ್ ಎಷ್ಟೆಂದು ಹೇಳಲು ಆಗದು.

ಅಳತೆ ಕೆಡುವುದು ಹೆಚ್ಚಾಗಿ ಗ್ಯಾಸಿನಿಂದ. ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನು ಮೇಲೆತ್ತುತ್ತವೆ, ಅಂಕಿ ಏರುತ್ತದೆ, ಆಲ್ಕೋಹಾಲ್ ಕಡಿಮೆಯೆಂದು ಮೋಸ ಹೋಗುತ್ತೇವೆ. ಸ್ಯಾಂಪಲ್ಲನ್ನು ಎರಡು ಲೋಟಗಳ ನಡುವೆ, ಕಾಫಿ ಆರಿಸುವಂತೆ, ನೊರೆ ಏಳುವುದು ನಿಲ್ಲುವವರೆಗೆ ಸುರಿಯುತ್ತೇನೆ. ಆಮೇಲೆ ಹೈಡ್ರೋಮೀಟರನ್ನು ಒಮ್ಮೆ ತಿರುಗಿಸಿ ಬಿಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದುತ್ತೇನೆ. 20 ಡಿಗ್ರಿಗೆ ಮಾಡಿದ ಹೈಡ್ರೋಮೀಟರಿನಲ್ಲಿ 30 ಡಿಗ್ರಿ ವರ್ಟ್ ಅಳೆದರೆ ಅಂಕಿ 0.002ರಷ್ಟು ಇಳಿದು ಕಾಣುತ್ತದೆ, ಅದನ್ನು ಕೂಡಿಸಿಕೊಳ್ಳಬೇಕು. ಅಳೆದ ಸ್ಯಾಂಪಲ್ ಮೋರಿಗೆ, ಮತ್ತೆ ಟ್ಯಾಂಕಿಗಲ್ಲ.

ಮಾಲ್ಟ್ ನೆನೆಸುವ ನೀರಿನ ಥರ್ಮಾಮೀಟರ್ ಸುಳ್ಳು ಹೇಳಿದರೂ ಪೆಟ್ಟು. 70 ಡಿಗ್ರಿಗೆ ಹೋದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಜಾಸ್ತಿಯಾಗಿ ಬಿಯರ್ 1.016ರಲ್ಲೇ ನಿಂತುಬಿಡಬಹುದು. ಆಗ ಸಿಗುವುದು 4.2% ಮಾತ್ರ, ಬಾಯಿಗೂ ಮಂದ.

ಸ್ಟ್ರಾಂಗ್ ಬಿಯರ್ ಹೇಗೆ ಸ್ಟ್ರಾಂಗ್ ಆಗುತ್ತದೆ ಎನ್ನುವುದಕ್ಕೂ ಉತ್ತರ ಸಕ್ಕರೆಯೇ. ಇದೇ 500 ಲೀಟರಿಗೆ 10 ಕೆ.ಜಿ. ಸಕ್ಕರೆ ಸೇರಿಸಿದರೆ ಆಲ್ಕೋಹಾಲ್ ಸುಮಾರು 1% ಏರುತ್ತದೆ. ಯೀಸ್ಟ್ ಅದನ್ನು ಪೂರ್ತಿ ತಿಂದುಬಿಡುವುದರಿಂದ ಬಿಯರ್ ಮಾತ್ರ ತೆಳ್ಳಗಾಗುತ್ತದೆ. ಅಕ್ಕಿ, ಮೆಕ್ಕೆಜೋಳ ಹಾಕುವುದೂ ಕಲಬೆರಕೆಯಲ್ಲ. ಅಮೆರಿಕದ ಬಡ್‌ವೈಸರ್‌ನಲ್ಲಿ ಅಕ್ಕಿ ಮೊದಲಿನಿಂದಲೂ ಇದೆ. ರುಚಿಗೆ ನನಗೆ ಮಾಲ್ಟ್‌ನದೇ ಇಷ್ಟ.

ಬಣ್ಣ ನೋಡಿ ಸ್ಟ್ರಾಂಗ್ ಅಂದಾಜು ಮಾಡಬೇಡಿ. ಗಿನ್ನೆಸ್ ಡ್ರಾಟ್ ಕಾಡಿಗೆಯಷ್ಟು ಕಪ್ಪು, ಆಲ್ಕೋಹಾಲ್ 4.2%. ಹೊಂಬಣ್ಣದ ಕಿಂಗ್‌ಫಿಷರ್ ಪ್ರೀಮಿಯಂ 4.8%. ನಮ್ಮಲ್ಲಿ ನಿಯಮದ ಪ್ರಕಾರ 5% ದಾಟಿದರೆ ಸ್ಟ್ರಾಂಗ್, 8% ಕೊನೆಯ ಮಿತಿ.

'ಬಿಯರ್ ತಾನೇ' ಅನ್ನುವವರಿಗೆ ನಾನು ಈ ಲೆಕ್ಕ ಬರೆದು ತೋರಿಸುತ್ತೇನೆ. 8%ನ 650 ಎಂ.ಎಲ್. ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ 52 ಎಂ.ಎಲ್. 42.8%ನ ವಿಸ್ಕಿ ಒಂದು ನೈಂಟಿಯಲ್ಲಿ (90 ಎಂ.ಎಲ್.) ಇರುವುದು 38.5 ಎಂ.ಎಲ್., 60 ಎಂ.ಎಲ್.ನ ಒಂದು ಲಾರ್ಜ್ ಪೆಗ್‌ನಲ್ಲಿ ಸುಮಾರು 25.7 ಎಂ.ಎಲ್. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಎರಡು ಲಾರ್ಜ್ ಪೆಗ್‌ಗೆ ಸಮ. ಅಷ್ಟು ಕುಡಿದು ಗಾಡಿಯ ಕೀ ಮುಟ್ಟಬಾರದು.